ಪರಿಸರದ ಸೆಮಿನಾರಿಗೆ ಸ್ಟೀಲ್ ಲೋಟ ತಂದರೆ ಸಾಕಾ? ಮಡಿಕೇರಿ ಕಡೆ ಎರಡು ದಿನದ ವಿಚಾರ ಸಂಕಿರಣ, ಸಲಹೆ ಬೇಕು

ಚೆಟ್ಟಳ್ಳಿ ರಸ್ತೆ
ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿ ಹತ್ತಿರದ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಈ ಸಲ ನಮ್ಮ ವಿಭಾಗಕ್ಕೆ ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ ಸಿಕ್ಕಿದೆ. ಸಂಚಾಲಕಿ ನಾನೇ, ಬೇರೆ ಯಾರೂ ಕೈ ಎತ್ತಲಿಲ್ಲ. ವಿಷಯ ಪಶ್ಚಿಮ ಘಟ್ಟದ ಕಾಡು, ಮಳೆ, ಮಣ್ಣು. ಮೊದಲ ಮೀಟಿಂಗ್‌ನಲ್ಲೇ ಪ್ರಿನ್ಸಿಪಾಲರು "ಪರಿಸರದ ಮೇಲೆ ಸೆಮಿನಾರ್ ಅಲ್ವಾ ಮೇಡಂ, ಪರಿಸರಸ್ನೇಹಿಯಾಗಿ ಮಾಡಿಬಿಡಿ" ಅಂದರು.

ಸರಿ ಎಂದು ಪಟ್ಟಿ ಬರೆದೆ. ಫ್ಲೆಕ್ಸ್ ಬದಲು ಬಟ್ಟೆ ಬ್ಯಾನರ್, ನೀರಿನ ಬಾಟಲಿ ಬದಲು ಸ್ಟೀಲ್ ಲೋಟ, ಅಡಿಕೆ ಹಾಳೆ ತಟ್ಟೆ, ನೆನಪಿನ ಕಾಣಿಕೆ ಬದಲು ಗಿಡ. ಬರೆದು ಮುಗಿಸಿದ ಮೇಲೆ ನನಗೇ ಏನೋ ಸರಿ ಬರಲಿಲ್ಲ. ಹೋದ ವರ್ಷ ಬೇರೆ ಜಿಲ್ಲೆಯ ಒಂದು ಕಾಲೇಜಿಗೆ ಹವಾಮಾನ ಬದಲಾವಣೆಯ ಸೆಮಿನಾರಿಗೆ ಹೋಗಿದ್ದೆ. ವೇದಿಕೆ ಮೇಲೆ ಹನ್ನೊಂದು ಜನ, ಹನ್ನೊಂದು ಬಾಟಲಿ, ಎಲ್ಲದರಲ್ಲೂ ಎರಡು ಗುಟುಕು ಖಾಲಿ. ಅದನ್ನು ನೋಡಿ ನಾವು ಹಿಂದಿನ ಸಾಲಿನವರು ನಗುತ್ತಿದ್ದೆವು. ಆದರೆ ಮುಖ್ಯ ಅತಿಥಿ ದೆಹಲಿಯಿಂದ ವಿಮಾನದಲ್ಲಿ ಬಂದು, ಇಪ್ಪತ್ತೈದು ನಿಮಿಷ ಮಾತಾಡಿ, ಊಟಕ್ಕೂ ನಿಲ್ಲದೆ ಹೊರಟುಹೋದರು. ಆಗ ಯಾರೂ ನಗಲಿಲ್ಲ, ಎದ್ದು ನಿಂತು ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ನಿಜವಾಗಿ ಏನು ಮಾಡಿದರೆ ವ್ಯತ್ಯಾಸ ಆಗುತ್ತದೆ? ಬೈಯ್ಯುವವರು ಬೈಯ್ಯಿರಿ, ಜೊತೆಗೆ ಏನಾದರೂ ಉಪಯೋಗದ್ದೂ ಹೇಳಿ.

ಎಲೆ ಲೆಕ್ಕ
ಮೇಡಂ, ನಾನು ಗೋಣಿಕೊಪ್ಪದಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುವವನು. ಮದುವೆ, ನಾಮಕರಣ, ಸೆಮಿನಾರ್ ಎಲ್ಲ ಬಡಿಸಿದ್ದೇನೆ. ಒಂದು ಮಾತು ಹೇಳಿಬಿಡುತ್ತೇನೆ. ಸೆಮಿನಾರಿನ ಎರಡನೇ ದಿನದ ಮಧ್ಯಾಹ್ನದ ಊಟಕ್ಕೆ ಜನ ಇರುವುದಿಲ್ಲ. ಹೊರಗಿನಿಂದ ಬಂದವರು ಬೆಳಿಗ್ಗೆ ಸಹಿ ಹಾಕಿ ಅಬ್ಬಿ, ದುಬಾರೆ, ರಾಜಾಸೀಟು ಅಂತ ಹೋಗಿರುತ್ತಾರೆ, ಸಂಜೆ ಸರ್ಟಿಫಿಕೇಟಿಗೆ ವಾಪಸ್ ಬರುತ್ತಾರೆ. ನೀವು ಇನ್ನೂರೈವತ್ತು ಎಲೆ ಹೇಳಿರುತ್ತೀರಿ, ಕೂರುವವರು ನೂರೈವತ್ತು. ಉಳಿದ ಅನ್ನ ಸಾರು ಮುಸುರೆ ಡ್ರಮ್ಮಿಗೆ. ನಮ್ಮ ಕಡೆ ಹಂದಿ ಸಾಕುವವರು ಬಂದು ಒಯ್ಯುತ್ತಾರೆ, ಅದೊಂದು ಪುಣ್ಯ.

ತಟ್ಟೆ ಯಾವುದು ಅನ್ನುವುದಕ್ಕಿಂತ ಎಲೆ ಲೆಕ್ಕ ಸರಿ ಕೊಡಿ. ಬೆಳಿಗ್ಗೆ ಹತ್ತು ಗಂಟೆಗೆ ಒಂದು ಹುಡುಗ ಸಭಾಂಗಣದಲ್ಲಿ ತಲೆ ಎಣಿಸಿ ನನಗೆ ಫೋನ್ ಮಾಡಿದರೆ ಸಾಕು, ಅಕ್ಕಿ ಆಮೇಲೆ ಹಾಕುತ್ತೇನೆ. ಆಮೇಲೆ ಬಫೆ ಬೇಡ. ಪಂಕ್ತಿಯಲ್ಲಿ ಕೂರಿಸಿ ಬಡಿಸಿದರೆ ಎಲೆಯಲ್ಲಿ ಬಿಡುವುದು ಬಹಳ ಕಡಿಮೆ.

ಮತ್ತೆ ಪೇಪರ್ ಕಪ್ಪು ಪರಿಸರಕ್ಕೆ ಒಳ್ಳೆಯದು ಅಂತ ತರಿಸಬೇಡಿ. ಅದರ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ನಿಲ್ಲುವುದು ಹೇಗೆ?

ಮಳೆ ಮಾಪಕ
ಅಡುಗೆಯವರ ಮಾತು ಸರಿ. ಗಿಡದ ಬಗ್ಗೆ ನಾನು ಹೇಳುತ್ತೇನೆ. ಅತಿಥಿಗೆ ಕೊಟ್ಟ ಗಿಡ ಹೋಂಸ್ಟೇ ಬಾತ್‌ರೂಮಿನಲ್ಲಿ ಒಣಗುತ್ತದೆ. ನಮ್ಮ ಹೋಂಸ್ಟೇಯಲ್ಲಿ ಹಾಗೆ ಬಿಟ್ಟುಹೋದ ಮೂರು ಸಂಪಿಗೆ ಗಿಡ ಈಗ ಗೇಟಿನ ಪಕ್ಕ ಇವೆ. ಹಾಗಾಗಿ ನನಗೇನೂ ನಷ್ಟ ಇಲ್ಲ, ಕೊಡಿ ಕೊಡಿ.

ತಮಾಷೆ ಇರಲಿ. ದಿನಾಂಕ ಯಾವಾಗ ಇಟ್ಟಿದ್ದೀರಿ? ಅದು ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ. 2018ರ ಆಗಸ್ಟ್‌ನಲ್ಲಿ ಸಂಪಾಜೆ ರಸ್ತೆ ಏನಾಯಿತು ಗೊತ್ತಲ್ಲ. ಗುಡ್ಡ ಕುಸಿಯದ ವರ್ಷದಲ್ಲೂ ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ. ಎರಡು ದಿನ ಜನರೇಟರ್ ಓಡಿಸಿ ಪರಿಸರದ ಬಗ್ಗೆ ಭಾಷಣ ಕೇಳಬೇಕಾಗುತ್ತದೆ.

ಚೆಟ್ಟಳ್ಳಿ ರಸ್ತೆ
ದಿನಾಂಕ ಮಾರ್ಚ್ ಮೂರನೇ ವಾರ ಅಂದುಕೊಂಡಿದ್ದೇವೆ. ಎಲ್ಲರೂ ಮಾರ್ಚ್‌ನಲ್ಲೇ ಮಾಡುತ್ತಾರೆ, ಅನುದಾನ ಖರ್ಚಾಗಬೇಕು.

ಮಳೆ ಮಾಪಕ
ಮಾರ್ಚ್‌ನಲ್ಲಿ ಬಾವಿ ತಳ ಕಾಣುತ್ತಿರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಂದಿಲ್ಲ ಅಂದರೆ ತೋಟದವರು ಹಗಲು ರಾತ್ರಿ ಸ್ಪ್ರಿಂಕ್ಲರ್ ಹಾಕಿ ಹೊಳೆ ಕೆರೆ ಎಲ್ಲ ಎಳೆದಿರುತ್ತಾರೆ. (ನಾನೂ ಎಳೆಯುತ್ತೇನೆ, ಸುಳ್ಳು ಯಾಕೆ.) ಆಗ ಇನ್ನೂರು ಸ್ಟೀಲ್ ತಟ್ಟೆ ತೊಳೆಯುವ ನೀರು ಟ್ಯಾಂಕರಿನಲ್ಲಿ ಬರಬೇಕು. ನವೆಂಬರ್ ಮೊದಲ ವಾರ ನೋಡಿ. ಮಳೆ ಮುಗಿದಿರುತ್ತದೆ, ತೊರೆಯಲ್ಲಿ ನೀರಿರುತ್ತದೆ, ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಇನ್ನೂ ಸಮಯ ಇರುತ್ತದೆ.

ಹಳೇ ಗುಮಾಸ್ತ
ಮೂವತ್ತೊಂದು ವರ್ಷ ಕಾಲೇಜು ಆಫೀಸಿನಲ್ಲಿ ಕೂತವನು ನಾನು. ಮಂಜೂರಾತಿ ಪತ್ರ ತೆಗೆದು ಓದಿ. ಸಾಮಾನ್ಯವಾಗಿ ಆರ್ಥಿಕ ವರ್ಷದೊಳಗೆ ಖರ್ಚು ಮಾಡಿ ಅಂತ ಇರುತ್ತದೆ. ಮಾರ್ಚ್‌ನಲ್ಲೇ ಮಾಡಿ ಅಂತ ಯಾರೂ ಬರೆದಿರುವುದಿಲ್ಲ. ಎಲ್ಲರೂ ಮಾರ್ಚ್‌ವರೆಗೆ ಎಳೆಯುವುದು ಕೆಲಸ ಮುಂದೂಡುವ ಚಟಕ್ಕೆ.

ಹಾರ, ಶಾಲು, ಫಲಕದ ವಿಷಯ ಬಂದರೆ ನಿಮಗೆ ಒಂದು ಆಸರೆ ಇದೆ. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ ತುರಾಯಿ ಶಾಲು ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಆಗಿತ್ತು. ಯಾರಾದರೂ ಮುನಿಸಿಕೊಂಡರೆ ಅದನ್ನು ತೋರಿಸಿ.

ಹೊರನಾಡಲ್ಲಿರುವ ಸೋಮವಾರಪೇಟೆ
ಊರಿನವರ ಮಾತು ಓದಿ ಖುಷಿಯಾಯಿತು. ನಾನು ಜರ್ಮನಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಅಕ್ಕಾ, ನಿಮಗೆ ಸರಿ ಬರದೇ ಇದ್ದದ್ದು ಏನು ಅಂತ ನನಗೆ ಗೊತ್ತು. ಲೋಟ, ತಟ್ಟೆ, ಬ್ಯಾನರ್ ಎಲ್ಲ ಕಣ್ಣಿಗೆ ಕಾಣುವ ಕಸ. ದೊಡ್ಡ ಪಾಲು ಕಣ್ಣಿಗೆ ಕಾಣದ ಹೊಗೆ, ಅದು ಜನ ಬಂದು ಹೋಗುವುದರಲ್ಲಿ ಇದೆ.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. 2019ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕನ್ ಜಿಯೊಫಿಸಿಕಲ್ ಯೂನಿಯನ್‌ನ ಸಮಾವೇಶ ನಡೆಯಿತು, ಸುಮಾರು 28,000 ಜನ. ಅವರೆಲ್ಲ ಹೋಗಿ ಬಂದ ದೂರ ಸೇರಿಸಿದರೆ 28.5 ಕೋಟಿ ಕಿ.ಮೀ. ಭೂಮಿಯಿಂದ ಸೂರ್ಯನಿಗೆ ಇರುವ ದೂರದ ಹತ್ತಿರ ಹತ್ತಿರ ಎರಡರಷ್ಟು. ಕಾರ್ಬನ್ ಸುಮಾರು 80,000 ಟನ್, ತಲೆಗೆ 3 ಟನ್. ನಮ್ಮ ದೇಶದಲ್ಲಿ ಒಬ್ಬರ ಇಡೀ ವರ್ಷದ ಸರಾಸರಿ ಸುಮಾರು 2 ಟನ್. ಒಂದು ವಾರದ ಸಮಾವೇಶಕ್ಕೆ ಅದಕ್ಕಿಂತ ಜಾಸ್ತಿ. ಅಲ್ಲಿ ಸೇರಿದವರಲ್ಲಿ ಹವಾಮಾನ, ಸಮುದ್ರ, ಮಂಜುಗಡ್ಡೆಯನ್ನೇ ಓದುವವರೂ ಬಹಳ ಜನ!

ಅದರಲ್ಲೂ ಒಂದು ವಿಷಯ ಇದೆ. 8,000 ಕಿ.ಮೀ.ಗಿಂತ ದೂರದಿಂದ ಹಾರಿ ಬಂದವರು ನೂರಕ್ಕೆ 36 ಜನ. ಆದರೆ ಒಟ್ಟು ಹೊಗೆಯಲ್ಲಿ ಅವರ ಪಾಲು ನೂರಕ್ಕೆ 75. ಅಂದರೆ ಎಲ್ಲರಿಗೂ ಬರಬೇಡಿ ಅನ್ನಬೇಕಾಗಿಲ್ಲ. ತುಂಬಾ ದೂರದವರ ಒಂದು ಗುಂಪಿಗೆ ಬೇರೆ ದಾರಿ ಮಾಡಿಕೊಟ್ಟರೆ ಸಾಕು.

ಕಾಡುಮಲ್ಲಿಗೆ
ಅಮೆರಿಕದವರು ಟನ್‌ಗಟ್ಟಲೆ ಉಗುಳಲಿ, ಲೆಕ್ಕ ಮಾತ್ರ ನಮ್ಮ ಮಕ್ಕಳ ಮೇಲೆ. ವಿರಾಜಪೇಟೆಯಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವ ಎಂ.ಎಸ್ಸಿ. ಹುಡುಗಿಯ ಹತ್ತಿರ ಕಾರ್ಬನ್ ಲೆಕ್ಕ ಕೇಳುತ್ತೀರಾ? ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ. ಇಲ್ಲಿ ಒಂದು ಕಾಲೇಜಿಗೆ ಒಬ್ಬ ಒಳ್ಳೆ ವಿಜ್ಞಾನಿ ಬರುವುದೇ ಐದು ವರ್ಷಕ್ಕೊಮ್ಮೆ. ಅದನ್ನೂ ಬೇಡ ಅನ್ನಿ.

ಚೆಟ್ಟಳ್ಳಿ ರಸ್ತೆ
ಕಾಡುಮಲ್ಲಿಗೆ ಅವರೇ, ನಿಮ್ಮ ಸಿಟ್ಟು ನನಗೂ ಇದೆ. ಅದಕ್ಕೇ ನಿನ್ನೆ ರಾತ್ರಿ ಕೂತು ನಮ್ಮದೇ ಲೆಕ್ಕ ಹಾಕಿದೆ. ಡೀಸೆಲ್ ಒಂದು ಲೀಟರ್ ಉರಿದರೆ ಸುಮಾರು 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಉಳಿದದ್ದು ಅಂದಾಜು, ತಪ್ಪಿದ್ದರೆ ತಿದ್ದಿ.

ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿ.ಮೀ. ಬಸ್ಸಿಗೆ ಲೀಟರಿಗೆ ಐದು ಕಿ.ಮೀ. ಹಿಡಿದರೆ 24 ಲೀಟರ್, ಐವತ್ತು ಜನ ಕೂತರೆ ತಲೆಗೆ 1.3 ಕೆ.ಜಿ. ಬರೀ ಅಷ್ಟೇ. ಅದೇ ದಾರಿ ಒಬ್ಬರೇ ಕಾರಿನಲ್ಲಿ ಬಂದರೆ ಎಂಟು ಲೀಟರ್, 21 ಕೆ.ಜಿ. ಮೇಲೆ.

ಈಗ ಮುಖ್ಯ ಅತಿಥಿ. ದೆಹಲಿ ಬೆಂಗಳೂರು ವಿಮಾನ, ಹೋಗಿ ಬರಲು ತಲೆಗೆ ಕಾಲು ಟನ್ ಆಸುಪಾಸು. ಇಲ್ಲಿಯವರೆಗೆ ನನಗೂ ಗೊತ್ತಿತ್ತು. ಆಮೇಲೆ ನಮ್ಮ ಕಾರು ನೆನಪಾಯಿತು. ಬೆಂಗಳೂರು ಏರ್‌ಪೋರ್ಟು ಇಲ್ಲಿಂದ ಹೆಚ್ಚುಕಡಿಮೆ 300 ಕಿ.ಮೀ. ಇಲ್ಲಿಂದ ಇನ್ನೋವಾ ಖಾಲಿ ಹೋಗುತ್ತದೆ, ಅವರನ್ನು ಕರೆತರುತ್ತದೆ, ಮರುದಿನ ಬಿಟ್ಟು ಬರುತ್ತದೆ, ಮತ್ತೆ ಖಾಲಿ ವಾಪಸ್. 1,200 ಕಿ.ಮೀ. ಲೀಟರಿಗೆ ಹನ್ನೆರಡು ಅಂದರೂ ನೂರು ಲೀಟರ್ ಡೀಸೆಲ್. 270 ಕೆ.ಜಿ. ಅಂದರೆ ದೆಹಲಿಯಿಂದ ಹಾರಿ ಬಂದಷ್ಟೇ ಹೊಗೆ ನಾವು ಕಾರಿನಲ್ಲಿ ಕರೆತರುವುದಕ್ಕೂ ಬಿಟ್ಟು ಬರುವುದಕ್ಕೂ ಉಗುಳುತ್ತೇವೆ. ನಾನು ಕ್ಯಾಲ್ಕುಲೇಟರ್ ಎರಡು ಸಲ ಒತ್ತಿದೆ.

ನಮ್ಮ ಪಟ್ಟಿಯಲ್ಲಿ ವಿಮಾನದವರು ನಾಲ್ಕು ಜನ, ನಾಲ್ವರೂ ಬೇರೆ ಬೇರೆ ಹೊತ್ತಿಗೆ. ಅವರ ವಿಮಾನ, ಕಾರು ಎರಡೂ ಸೇರಿ 2 ಟನ್ ದಾಟುತ್ತದೆ. ಉಳಿದ 140 ಜನರಲ್ಲಿ 60 ಜನ ಬಸ್ಸು, 80 ಜನ ಮೂರು ಮೂರು ಮಂದಿ ಒಂದು ಕಾರಿನಲ್ಲಿ, ಎಲ್ಲರೂ ಮೈಸೂರಿನಷ್ಟು ದೂರದಿಂದ ಬಂದರು ಅಂದುಕೊಂಡರೂ ಒಂದೂವರೆ ಟನ್ ಆಗುವುದಿಲ್ಲ. ನಾಲ್ಕು ಜನ ಒಂದು ತಕ್ಕಡಿಯಲ್ಲಿ, 140 ಜನ ಇನ್ನೊಂದರಲ್ಲಿ. ಹಾಗಾಗಿ ವಿರಾಜಪೇಟೆ ಹುಡುಗಿಯ ಹತ್ತಿರ ಯಾರೂ ಲೆಕ್ಕ ಕೇಳುತ್ತಿಲ್ಲ. ಅವಳಿಗೆ ಬಸ್ ಚಾರ್ಜು ನಾವೇ ಕೊಡಬೇಕು.

ಕಾಡುಮಲ್ಲಿಗೆ
ಖಾಲಿ ಇನ್ನೋವಾ ನಾನು ಯೋಚಿಸಿರಲಿಲ್ಲ. ಸರಿ, ಮುಂದುವರಿಸಿ.

ಹೊರನಾಡಲ್ಲಿರುವ ಸೋಮವಾರಪೇಟೆ
ಅಕ್ಕಾ, ಸೂಪರ್. ಒಂದು ತಿದ್ದುಪಡಿ: ವಿಮಾನದ ಹೊಗೆ ಬರೀ ಕಾರ್ಬನ್ ಡೈಆಕ್ಸೈಡ್ ಅಲ್ಲ. ಅಷ್ಟು ಎತ್ತರದಲ್ಲಿ ಬಿಡುವ ನೈಟ್ರೋಜನ್ ಆಕ್ಸೈಡು, ಹಿಂದೆ ಬಿಳಿ ಗೆರೆ ಬಿಡುತ್ತದಲ್ಲ ಆ ಮೋಡ, ಅವೂ ಬಿಸಿ ಹೆಚ್ಚಿಸುತ್ತವೆ. ಹಾಗಾಗಿ ನಿಮ್ಮ ನಾಲ್ವರ ತಕ್ಕಡಿ ಇನ್ನೂ ಕೆಳಗೆ ಹೋಗುತ್ತದೆ.

ಹಳೇ ಗುಮಾಸ್ತ
ಆ ನಾಲ್ವರು ಯಾಕೆ ಬರುತ್ತಾರೆ ಅಂತ ಯಾರೂ ಕೇಳಲಿಲ್ಲ. ಅವರಿಲ್ಲದಿದ್ದರೆ "ರಾಷ್ಟ್ರೀಯ" ಅಂತ ಹಾಕಲು ಧೈರ್ಯ ಬರುವುದಿಲ್ಲ. ಅಧ್ಯಾಪಕರ ನೇಮಕ, ಬಡ್ತಿಗೆ ಅಂಕ ಲೆಕ್ಕ ಹಾಕುವ ಯು.ಜಿ.ಸಿ.ಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮದ ಕೋಷ್ಟಕ ನೋಡಿ. ಪ್ರಬಂಧ ಮಂಡನೆಗೆ ವಿದೇಶದ ಅಂತರರಾಷ್ಟ್ರೀಯ ಸಮ್ಮೇಳನ ಆದರೆ 7 ಅಂಕ, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟಕ್ಕೆ 2. ಪ್ರಬಂಧ ಒಂದೇ. ದೂರ ಹೋದಷ್ಟೂ ಅಂಕ ಜಾಸ್ತಿ. ಟ್ಯಾಕ್ಸಿ ಮೀಟರ್ ಇದ್ದ ಹಾಗೆ. ಈ ಮೀಟರ್ ತಿರುಗುತ್ತಿರುವಾಗ ನೀವು ಲೋಟ ಬದಲಿಸಿ ಏನು ಮಾಡುತ್ತೀರಿ?

ಎಷ್ಟು ಬಿಲ್ಲಿಗೆ ಬೋರ್ಡಿಂಗ್ ಪಾಸ್ ಅಂಟಿಸಿದ್ದೇನೆ ನಾನು! ಒಬ್ಬರು ರೈಲಿನಲ್ಲಿ ಬರುತ್ತೇನೆ ಅಂದಿದ್ದರು, ದೆಹಲಿಯಿಂದ ಬೆಂಗಳೂರಿಗೇ ಒಂದೂವರೆ ದಿನದ ಮೇಲೆ. ಹೋಗುವ ಬರುವ ದಿನಗಳಿಗೆ ಅವರ ಸಂಸ್ಥೆ ಓ.ಓ.ಡಿ. (ಕೆಲಸದ ಮೇಲೆ ಹೊರಗಿದ್ದಾರೆ ಅನ್ನುವ ಹಾಜರಿ) ಕೊಡಲಿಲ್ಲ. ಪಾಪ, ವಿಮಾನದಲ್ಲೇ ಬಂದರು.

ಲ್ಯಾಬ್ ಕೋಟು
ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಮನೆ ಪೊನ್ನಂಪೇಟೆ ಕಡೆ. ನನಗೂ ಆ ಅಂಕ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಿಜ ಹೇಳುವುದಾದರೆ ದೊಡ್ಡವರ ಭಾಷಣದಿಂದ ನನಗೆ ಏನೂ ಸಿಕ್ಕಿಲ್ಲ. ಸಿಕ್ಕಿದ್ದು ಚಹಾ ಹೊತ್ತಿನಲ್ಲಿ. ನನ್ನ ಮಣ್ಣಿನ ಮಾದರಿ ತೆಗೆಯುವ ವಿಧಾನ ತಪ್ಪು ಅಂತ ಹೇಳಿದ್ದು ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಇನ್ನೊಬ್ಬ ವಿದ್ಯಾರ್ಥಿ. ಅದು ಝೂಮ್‌ನಲ್ಲಿ ಆಗುವುದಿಲ್ಲ. ಝೂಮ್‌ನಲ್ಲಿ "ಆಡಿಬಲ್ಲಾ ಸರ್, ಆಡಿಬಲ್ಲಾ" ಅನ್ನುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ದಯವಿಟ್ಟು ಪೂರ್ತಿ ಆನ್‌ಲೈನ್ ಮಾಡಬೇಡಿ.

ಹೊರನಾಡಲ್ಲಿರುವ ಸೋಮವಾರಪೇಟೆ
ಪೂರ್ತಿ ಆನ್‌ಲೈನ್ ಆದರೆ ಹೊಗೆ ತುಂಬಾ ಇಳಿಯುತ್ತದೆ ಅನ್ನುವುದು ನಿಜ. 2021ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂದ ಅಧ್ಯಯನದಲ್ಲಿ ನೂರಕ್ಕೆ 94ರಷ್ಟು ಕಡಿಮೆ ಅಂತ ಲೆಕ್ಕ ಇತ್ತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತ್ತು: ಅರ್ಧಕ್ಕಿಂತ ಹೆಚ್ಚು ಜನ ಮುಖಾಮುಖಿ ಸೇರಿದರೂ, ಸೇರುವ ಜಾಗಗಳನ್ನು ಸರಿಯಾಗಿ ಆರಿಸಿದರೆ ಮೂರನೇ ಎರಡು ಪಾಲು ಉಳಿಸಬಹುದು. ಒಂದೇ ಊರಿಗೆ ಎಲ್ಲರನ್ನೂ ಎಳೆಯುವ ಬದಲು ನಾಲ್ಕೈದು ಊರಲ್ಲಿ ಸೇರುವುದು, ಆ ಊರುಗಳ ನಡುವೆ ಮಾತ್ರ ವಿಡಿಯೊ ಪರದೆ. ಲ್ಯಾಬ್ ಕೋಟು ಅವರ ಬಿಸ್ಕತ್ತು ಎಲ್ಲೂ ಹೋಗುವುದಿಲ್ಲ.

ಇನ್ನೊಂದು: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದಲ್ಲಿ ಕೆನ್ ಹಿಲ್ಟ್‌ನರ್ ಅನ್ನುವ ಪ್ರಾಧ್ಯಾಪಕರು 2016ರಲ್ಲೇ, ಕೋವಿಡ್‌ಗಿಂತ ಎಷ್ಟೋ ಮುಂಚೆ, ಒಂದು ಪದ್ಧತಿ ಶುರು ಮಾಡಿದರು. ಭಾಷಣಗಳನ್ನು ಮೊದಲೇ ರೆಕಾರ್ಡ್ ಮಾಡಿ ಹಾಕುವುದು, ಎರಡು ಮೂರು ವಾರ ಪ್ರಶ್ನೋತ್ತರ ಬರವಣಿಗೆಯಲ್ಲಿ ನಡೆಸುವುದು. ನೇರಪ್ರಸಾರವೇ ಬೇಡ.

ಮಳೆ ಮಾಪಕ
ನೇರಪ್ರಸಾರ ಬೇಡ ಅನ್ನುವುದು ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬೇಕಾದರೆ ಕಾಫಿ ಕಣದ ಮೂಲೆಗೆ ಹೋಗಿ ನಿಲ್ಲಬೇಕು, ಅದೂ ಮೋಡ ಇಲ್ಲದಿದ್ದರೆ.

ಲ್ಯಾಬ್ ಕೋಟು
ಬರೆದು ಕೇಳುವುದು ನನಗೂ ಇಷ್ಟ ಆಯಿತು. ಸಭೆಯಲ್ಲಿ ಮೈಕು ಹಿಡಿದು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು ಅಂದರೆ ನನ್ನ ಕೈ ನಡುಗುತ್ತದೆ. ಕನ್ನಡದಲ್ಲಿ ಬರೆದು ಕೇಳಬಹುದು ಅಂದರೆ ನಾನು ಹತ್ತು ಕೇಳುತ್ತೇನೆ.

ಕಾಡುಮಲ್ಲಿಗೆ
ನಾನೊಂದು ಹೇಳಬಹುದಾ? ಮಳೆ ಮಣ್ಣಿನ ಮೇಲೆ ಸೆಮಿನಾರ್ ಮಾಡುತ್ತಿದ್ದೀರಿ. ಇಲ್ಲಿ ಅಜ್ಜನ ಕಾಲದಿಂದ ಪುಸ್ತಕದಲ್ಲಿ ಇಂಚು ಸೆಂಟಿನ ಲೆಕ್ಕದಲ್ಲಿ ಮಳೆ ಬರೆದಿಟ್ಟ ತೋಟದವರು ಇದ್ದಾರೆ, ಮಳೆ ಮಾಪಕ ಅವರೂ ಅದೇ ಜಾತಿ ಅಂತ ಹೆಸರಿನಲ್ಲೇ ಗೊತ್ತಾಗುತ್ತದೆ. ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ ಇದೆ. ಎಲ್ಲ ಕೂಗಳತೆಯಲ್ಲಿ. 2018ರಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಹೇಗೆ ಜಾರಿತು ಅಂತ ಕಣ್ಣಾರೆ ಕಂಡವರು ಇನ್ನೂ ಅಲ್ಲೇ ಇದ್ದಾರೆ. ಅವರನ್ನು ಸಭಿಕರ ಸಾಲಿನಲ್ಲಿ ಕೂರಿಸಿ ದೆಹಲಿಯವರಿಂದ ಅವರದ್ದೇ ಗುಡ್ಡದ ಫೋಟೊ ತೋರಿಸುವುದು ಯಾವ ನ್ಯಾಯ?

ಮಳೆ ಮಾಪಕ
ನಮ್ಮಪ್ಪನ ಪುಸ್ತಕ ಇದೆ, ನಂದೂ ಇದೆ. ಗೆದ್ದಲು ತಿಂದ ಎರಡು ವರ್ಷ ಬಿಟ್ಟರೆ ಪೂರ್ತಿ ಇದೆ. ಆದರೆ ಭಾಷಣ ಗೀಷಣ ನನ್ನಿಂದ ಆಗದು. ಪುಸ್ತಕ ಮೇಜಿನ ಮೇಲೆ ಇಡುತ್ತೇನೆ, ಕೇಳಿದವರಿಗೆ ಹೇಳುತ್ತೇನೆ.

ಎಲೆ ಲೆಕ್ಕ
ಊಟದ ವಿಷಯ ಮರೆತೇಬಿಟ್ಟಿರಿ. ಪಂದಿ ಕರಿ ಇದೆಯೋ ಇಲ್ಲವೋ? ಈಗ ಎಲ್ಲ ಕಡೆ ಪರಿಸರ ಅಂದರೆ ಮಾಂಸ ಬೇಡ ಅನ್ನುತ್ತಾರಂತೆ.

ಹೊರನಾಡಲ್ಲಿರುವ ಸೋಮವಾರಪೇಟೆ
ದನ, ಕುರಿ, ಆಡು ಮೆಲುಕು ಹಾಕುವ ಪ್ರಾಣಿಗಳು, ಮೀಥೇನ್ ಬಿಡುತ್ತವೆ, ಅವುಗಳ ಮಾಂಸದ ಲೆಕ್ಕ ದೊಡ್ಡದು. ಹಂದಿ, ಕೋಳಿಯದ್ದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಮಟನ್ ಬಿರಿಯಾನಿ ಬಿಟ್ಟು ಪಂದಿ ಕರಿ ಹಾಕಿ ಅಂತ ವಿಜ್ಞಾನದ ಹೆಸರಿನಲ್ಲಿ ಹೇಳುತ್ತಿದ್ದೇನೆ. ಹೊಟ್ಟೆಕಿಚ್ಚಿನಲ್ಲೂ ಹೇಳುತ್ತಿದ್ದೇನೆ, ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ, ಇಲ್ಲಿ ಸಿಗುವುದಿಲ್ಲ.

ಚೆಟ್ಟಳ್ಳಿ ರಸ್ತೆ
ಕಾಲೇಜು ಕ್ಯಾಂಪಸ್ಸಿನಲ್ಲಿ ಪಂದಿ ಕರಿ ಸಾಧ್ಯವಿಲ್ಲ ಅಣ್ಣ, ಪ್ರಿನ್ಸಿಪಾಲರು ಮೂರ್ಛೆ ಹೋಗುತ್ತಾರೆ. ಕಡಂಬುಟ್ಟು, ಕುಂಬಳಕಾಯಿ ಕರಿ, ಅಕ್ಕಿ ರೊಟ್ಟಿ, ಬೆಲ್ಲದ ಕಾಫಿ. ಹೊರಗಿನ ಪನೀರ್ ಬೇಡ.

ಚೆಟ್ಟಳ್ಳಿ ರಸ್ತೆ
ಹನ್ನೆರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ, ಇಂಟರ್ನಲ್ಸ್ ಇತ್ತು. ಲೆಕ್ಕದ ಹಾಳೆಯನ್ನು ಪ್ರಿನ್ಸಿಪಾಲರಿಗೆ ತೋರಿಸಿದೆ. ಕಾರ್ಬನ್ ನೋಡಿ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ನಾಲ್ಕು ವಿಮಾನ ಟಿಕೆಟ್ಟು ಮತ್ತು ನಾಲ್ಕು ಇನ್ನೋವಾ ಬಾಡಿಗೆ ನೋಡಿ ಕನ್ನಡಕ ತೆಗೆದರು. ಸರಿ ಮೇಡಂ, ಹೇಳಿ ಅಂದರು.

ದಿನಾಂಕ ನವೆಂಬರ್ ಮೊದಲ ವಾರಕ್ಕೆ ಬಂದಿದೆ. ಗುಮಾಸ್ತರೇ, ನೀವು ಹೇಳಿದ್ದೇ ನಿಜ, ಪತ್ರದಲ್ಲಿ ಮಾರ್ಚ್ ಅನ್ನುವ ಪದವೇ ಇಲ್ಲ. ನಾಲ್ವರಲ್ಲಿ ಮೂವರು ಭಾಷಣ ರೆಕಾರ್ಡ್ ಮಾಡಿ ಎರಡು ವಾರ ಮೊದಲೇ ಕಳಿಸಲು ಒಪ್ಪಿದ್ದಾರೆ, ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಡುತ್ತಾರೆ, ಕನ್ನಡದ ಪ್ರಶ್ನೆಗಳನ್ನು ನಾವು ಅನುವಾದ ಮಾಡಿ ಕಳಿಸುತ್ತೇವೆ. ಒಬ್ಬರು ಮುನಿಸಿಕೊಂಡರು, "ಕರೆಯದಿದ್ದರೆ ಕರೆಯದೇ ಇರಿ" ಅಂದರು. ಸುಮ್ನೆ ಇದ್ದೆ. ಆಹ್ವಾನ ಪತ್ರಿಕೆಯಲ್ಲಿ "ರಾಷ್ಟ್ರೀಯ" ಉಳಿದಿದೆ, ಅಂಕ ಬೇಕಾದವರಿಗೆ ಅಂಕ ಸಿಗುತ್ತದೆ. ಅದನ್ನು ಬದಲಿಸುವ ಶಕ್ತಿ ನಮಗಿಲ್ಲ.

ಮೈಸೂರು ರೈಲ್ವೆ ಸ್ಟೇಷನ್ನಿನಿಂದ ಬೆಳಿಗ್ಗೆ ಒಂದು ಬಸ್ಸು, ಸಂಜೆ ವಾಪಸ್. ಕೊಡಗಿಗೆ ರೈಲಿಲ್ಲ, ಕುಶಾಲನಗರಕ್ಕೆ ಬರುತ್ತದೆ ಅಂತ ನಾನು ಹೈಸ್ಕೂಲಿನಲ್ಲಿದ್ದಾಗಿಂದ ಕೇಳುತ್ತಿದ್ದೇನೆ. ಬಸ್ಸಿನಲ್ಲಿ ಬಂದವರಿಗೆ ನೋಂದಣಿ ಶುಲ್ಕ ಅರ್ಧ. ಮಂಗಳೂರು ಕಡೆಯವರು ಅಲ್ಲೇ ಒಂದು ಕಾಲೇಜಿನಲ್ಲಿ ಸೇರಿ ಮಧ್ಯಾಹ್ನದ ಗೋಷ್ಠಿಗೆ ಪರದೆಯಲ್ಲಿ ಬರುತ್ತಾರೆ, ನೆಟ್‌ವರ್ಕ್ ದೇವರ ಇಚ್ಛೆ. ಎರಡನೇ ದಿನ ಬೆಳಿಗ್ಗೆ ಎಲ್ಲರೂ ಅದೇ ಬಸ್ಸಿನಲ್ಲಿ ಮಕ್ಕಂದೂರು. ಅಲ್ಲಿ ಮಾತಾಡುವವರು ಆ ಊರಿನವರು.

ಸ್ಟೀಲ್ ಲೋಟ ಮಾತ್ರ ಇನ್ನೂ ಸಿಕ್ಕಿಲ್ಲ. ಕಾಲೇಜಿನಲ್ಲಿ ನಲವತ್ತು ಇದೆ, ನೂರೈವತ್ತು ಬೇಕು. ಯಾರ ಹತ್ತಿರ ಇದೆ?

ಎಲೆ ಲೆಕ್ಕ
ಐವತ್ತು ನಾನು ತರುತ್ತೇನೆ. ಅದಕ್ಕಿಂತ ಜಾಸ್ತಿ ಇದ್ದದ್ದು ಮದುವೆಗಳಲ್ಲಿ ಕಳೆದುಹೋಗಿದೆ.

ಮಳೆ ಮಾಪಕ
ಅರವತ್ತು ನಮ್ಮ ಐನ್‌ಮನೆಯಲ್ಲಿ, ಅಂದರೆ ಕುಟುಂಬದ ಮೂಲ ಮನೆಯಲ್ಲಿ, ಇದೆ. ತಳದಲ್ಲಿ ಮನೆ ಹೆಸರು ಕೊರೆದಿದೆ, ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಹುತ್ತರಿಗೆ ಮುಂಚೆ ವಾಪಸ್ ಬೇಕು.